ಮೈಸೂರು ಸೀಮೆಯ ಕಾಲೇಜುಗಳಲ್ಲಿ ಅಧ್ಯಾಪಕ–ವಿದ್ಯಾರ್ಥಿ ವಿಶ್ವಾಸ: ಒಂದು ಐತಿಹಾಸಿಕ ವಿವೇಚನೆ

ನಮ್ಮ ದೇಶದ ಆಧುನಿಕ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಶಾಸನಗಳನ್ನೂ ಆಯೋಗಗಳ ವರದಿಗಳನ್ನೂ ಪಠ್ಯಕ್ರಮಗಳನ್ನೂ ಆಧಾರವಾಗಿಟ್ಟುಕೊಂಡು ಬರೆದಿದ್ದಾರೆ. ಎಷ್ಟು ಮಂದಿ ಕಲಿತರು, ಎಷ್ಟು ಮಂದಿ ತೇರ್ಗಡೆಯಾದರು, ಯಾವ ವಿಷಯಗಳು ಬೋಧಿಸಲ್ಪಟ್ಟವು ಎಂಬುದು ಇವುಗಳಿಂದ ತಿಳಿದುಬರುತ್ತದೆ. ಕಲಿಯಲು ಬಂದ ತರುಣನ ಮನಸ್ಸು ಹೇಗಿದ್ದಿತು, ಅದು ಕುಗ್ಗಿದಾಗ ಅವನು ಯಾರ ಬಳಿಗೆ ಹೋದನು ಎಂಬುದು ಮಾತ್ರ ತಿಳಿದುಬರುವುದಿಲ್ಲ. ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ೨೦೨೨ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದಲ್ಲಿ ೧೩,೦೪೪ ಮಂದಿ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ವರದಿ ಹೇಳುತ್ತದೆ. ಈ ಅಂಕಿಯನ್ನು ಕಂಡ ಮೇಲೆ, ಹಿಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದುದು ಏನು, ಅದು ಎಷ್ಟು ಜನರಿಗೆ ದೊರೆಯುತ್ತಿದ್ದಿತು, ಯಾವ ಕಾರಣದಿಂದ ಸಡಿಲವಾಯಿತು ಎಂಬುದನ್ನು ವಿಚಾರಿಸುವುದು ಇತಿಹಾಸದ ಅಧ್ಯಾಪಕರಾದ ನಮ್ಮ ಕೆಲಸವೂ ಆಗುತ್ತದೆ. ಮೈಸೂರು ಸೀಮೆಯ ಒಂದೆರಡು ನಿದರ್ಶನಗಳ ಮೂಲಕ ಈ ವಿಚಾರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂತಹ ಮಾತು ಬಂದೊಡನೆ ಗುರುಕುಲವನ್ನು ನೆನೆಯುವುದು ವಾಡಿಕೆ. ಗುರುಕುಲದ ಬಗೆಗೆ ನಮಗೆ ದೊರೆಯುವುದು ಬಹುಮಟ್ಟಿಗೆ ಆದರ್ಶಗಳ ವರ್ಣನೆಯೇ ಹೊರತು ನಿತ್ಯಜೀವನದ ದಾಖಲೆಯಲ್ಲ. ಅದರ ಬಾಗಿಲು ಯಾರಿಗೆ ತೆರೆದಿದ್ದಿತೆಂಬುದೂ ಎಲ್ಲರಿಗೂ ತಿಳಿದ ಸಂಗತಿ. ಆದುದರಿಂದ ಅದನ್ನು ಇಲ್ಲಿ ಪ್ರಸ್ತಾಪಿಸಿ ಬಿಡುವುದೇ ಲೇಸು. ನಮ್ಮ ಕಾಲೇಜುಗಳ ನಿಜವಾದ ವಂಶಾವಳಿ ಬೇರೆಯದು.

೧೮೫೭ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದಾಗ ಅವುಗಳಿಗೆ ಮಾದರಿಯಾದುದು ೧೮೩೬ರಲ್ಲಿ ಆರಂಭವಾಗಿದ್ದ ಲಂಡನ್ ವಿಶ್ವವಿದ್ಯಾನಿಲಯ. ಅದು ಆಗ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿದ್ದಿತೇ ಹೊರತು ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಬ್ಬ ಟ್ಯೂಟರು ಇದ್ದು, ಅವನು ಓದಿನ ಜೊತೆಗೆ ವಿದ್ಯಾರ್ಥಿಯ ಕ್ಷೇಮವನ್ನೂ ನೋಡಿಕೊಳ್ಳಬೇಕೆಂಬ ಪದ್ಧತಿ ಬೆಳೆದಿದ್ದಿತು. ಆ ಪದ್ಧತಿಗೆ ತನ್ನದೇ ಆದ ದೋಷಗಳಿದ್ದುವು, ನಿಜ. ಆದರೆ ನಮ್ಮ ದೇಶಕ್ಕೆ ಹಡಗಿನಲ್ಲಿ ಬಂದುದು ಪರೀಕ್ಷೆ. ಟ್ಯೂಟರು ಅಲ್ಲಿಯೇ ಉಳಿದನು. ಕಲ್ಕತ್ತ ವಿಶ್ವವಿದ್ಯಾನಿಲಯವನ್ನು ಕುರಿತು ೧೯೧೭ರಿಂದ ೧೯೧೯ರವರೆಗೆ ವಿಚಾರಣೆ ನಡೆಸಿದ ಸ್ಯಾಡ್ಲರ್ ಆಯೋಗವು ಈ ಕೊರತೆಯನ್ನು ಗುರುತಿಸಿ, ಬೋಧನೆಯೂ ವಸತಿಯೂ ಒಂದೆಡೆ ಇರುವ ವಿಶ್ವವಿದ್ಯಾನಿಲಯಗಳು ಬೇಕೆಂದು ಹೇಳಿತು. ಇದೇ ಅವಧಿಗೆ ಸ್ವಲ್ಪ ಮುಂಚೆ, ೧೯೧೦ರಲ್ಲಿ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳ ಮಾನಸಿಕ ಸ್ವಾಸ್ಥ್ಯಕ್ಕಾಗಿಯೇ ಒಂದು ಸೇವಾವ್ಯವಸ್ಥೆ ಆರಂಭವಾಗಿದ್ದಿತು. ಬುದ್ಧಿವಂತರಾದ ವಿದ್ಯಾರ್ಥಿಗಳು ಮನಸ್ಸಿನ ತೊಂದರೆಗಳಿಂದ ಓದನ್ನು ಅರ್ಧಕ್ಕೇ ಬಿಟ್ಟುಹೋಗುತ್ತಿದ್ದುದು ಅದಕ್ಕೆ ಕಾರಣ. ನಮ್ಮಲ್ಲಿಯೂ ಬಿಟ್ಟುಹೋಗುವವರು ಇದ್ದರು. ಅವರನ್ನು ನಾವು 'ನಾಪಾಸಾದವರು' ಎಂಬ ಪಟ್ಟಿಗೆ ಸೇರಿಸಿ ಸುಮ್ಮನಾದೆವು.

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರ ಜುಲೈ ೨೭ರಂದು ಜನ್ಮ ತಾಳಿತು. ಅಲ್ಲಿಯವರೆಗೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳೇ ಅದರ ಎರಡು ಆಧಾರಸ್ತಂಭಗಳಾದುವು. ಅಧ್ಯಾಪಕರು ಕೆಲವರು, ವಿದ್ಯಾರ್ಥಿಗಳು ಇಂದಿನ ಲೆಕ್ಕಕ್ಕೆ ಬೆರಳೆಣಿಕೆಯವರು. ಮೈಸೂರು ನಗರವೂ ಚಿಕ್ಕದು. ಕಾಲೇಜು, ವಿದ್ಯಾರ್ಥಿಗಳ ಕೊಠಡಿಗಳು, ಅಧ್ಯಾಪಕರ ಮನೆಗಳು ಕಾಲ್ನಡಿಗೆಯ ದೂರದಲ್ಲಿದ್ದುವು. ಹೀಗಿರಲು ಟ್ಯೂಟರೆಂಬ ಹೆಸರಿಲ್ಲದಿದ್ದರೂ ಆ ಕೆಲಸ ಕೆಲವು ಅಧ್ಯಾಪಕರ ಮನೆಯ ಜಗಲಿಯಲ್ಲಿ ತಾನಾಗಿಯೇ ನಡೆಯಲು ಅನುಕೂಲವಿದ್ದಿತು.

ಆ ಕಾಲದ ಗುರುಶಿಷ್ಯರ ಬಾಂಧವ್ಯಕ್ಕೆ ಉದಾಹರಣೆಯಾಗಿ ಎಲ್ಲರೂ ಹೇಳುವ ಪ್ರಸಂಗವೊಂದಿದೆ. ೧೯೧೮ರಿಂದ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ೧೯೨೧ರಲ್ಲಿ ಕಲ್ಕತ್ತಕ್ಕೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಬಂಡಿಯಲ್ಲಿ ಅವರನ್ನು ಕುಳ್ಳಿರಿಸಿ, ತಾವೇ ಎಳೆದುಕೊಂಡು ರೈಲ್ವೆ ನಿಲ್ದಾಣಕ್ಕೆ ಕರೆದೊಯ್ದರು. ಪ್ರಸಂಗ ಸುಂದರವಾದುದು, ಸತ್ಯವಾದುದು. ಆದರೂ ನಮ್ಮ ಪ್ರಶ್ನೆಗೆ ಇದು ಉತ್ತರವಲ್ಲವೆಂದು ನನ್ನ ಅಭಿಪ್ರಾಯ. ಮೆರವಣಿಗೆ ಗುಂಪಿನ ಕೆಲಸ, ಹಗಲಿನ ಕೆಲಸ. ಒಬ್ಬ ಹುಡುಗ ಸಂಜೆ ಕತ್ತಲೆಯಾದ ಮೇಲೆ ಒಬ್ಬನೇ ಹೋಗಿ ಅಧ್ಯಾಪಕರ ಮನೆಯ ಬಾಗಿಲನ್ನು ತಟ್ಟಬಲ್ಲನೇ, ತಟ್ಟಿದರೆ 'ಯಾಕಯ್ಯ ಬಂದೆ' ಎಂದು ಕೇಳದೆ ಒಳಗೆ ಕರೆಯುವರೇ ಎಂಬುದು ವಿಶ್ವಾಸದ ಪರೀಕ್ಷೆ. ಭಕ್ತಿ ಇದ್ದೆಡೆಯಲ್ಲೆಲ್ಲ ವಿಶ್ವಾಸ ಇರುತ್ತದೆಯೆಂದು ಹೇಳಲಾಗದು. ಭಕ್ತಿ ಹೆಚ್ಚಾದಷ್ಟೂ ತನ್ನ ದೌರ್ಬಲ್ಯವನ್ನು ಗುರುವಿನ ಮುಂದೆ ಹೇಳಿಕೊಳ್ಳಲು ಶಿಷ್ಯನು ನಾಚುವುದೂ ಉಂಟು.

ವಿಶ್ವಾಸದ ನಿದರ್ಶನ ಬೇಕಾದರೆ ಅದೇ ಕಾಲೇಜಿನ ಟಿ. ಎಸ್. ವೆಂಕಣ್ಣಯ್ಯನವರನ್ನು ನೋಡಬೇಕು. ಚಿತ್ರದುರ್ಗ ಜಿಲ್ಲೆಯ ತಳುಕಿನವರಾದ ವೆಂಕಣ್ಣಯ್ಯನವರು (೧೮೮೫–೧೯೩೯) ಕನ್ನಡ ಪ್ರಾಧ್ಯಾಪಕರಾಗಿ ಒಂದು ತಲೆಮಾರಿನ ಬರಹಗಾರರನ್ನೂ ವಿದ್ವಾಂಸರನ್ನೂ ಬೆಳೆಸಿದರು. ಅವರು ಸ್ವತಃ ಬರೆದ ಗ್ರಂಥಗಳ ಸಂಖ್ಯೆ ದೊಡ್ಡದಲ್ಲ. ಅವರ ಮುಖ್ಯ ಕೃತಿ ಅವರ ಶಿಷ್ಯರೆಂದು ಹೇಳುವುದು ಈಗ ಸವೆದ ಮಾತಾಗಿದ್ದರೂ, ಅದರಲ್ಲಿ ಅಡಗಿರುವ ಸಂಗತಿಯನ್ನು ನಾವು ಗಮನಿಸಿದ್ದು ಕಡಿಮೆ. ಶಿಷ್ಯರನ್ನು ಬೆಳೆಸುವುದೆಂದರೆ ಗಂಟೆಗಟ್ಟಲೆ ಅವರ ಮಾತನ್ನು ಕೇಳುವುದು. ಆ ಗಂಟೆಗಳು ಯಾವ ಗ್ರಂಥಸೂಚಿಯಲ್ಲಿಯೂ ಸೇರುವುದಿಲ್ಲ. ಇಂದಿನ ಬಡ್ತಿಯ ಅರ್ಜಿಯಲ್ಲಿಯಂತೂ ಅವಕ್ಕೆ ಸ್ಥಳ ದೊರೆಯುವುದು ಕಷ್ಟ.

ಅವರ ಶಿಷ್ಯರಲ್ಲಿ ಕುವೆಂಪು ಅವರ ವಿಷಯ ಸುಪ್ರಸಿದ್ಧ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ, ಮಲೆನಾಡಿನ ಕಾಡಿನ ನಡುವಣ ಮನೆಯಿಂದ ಮೈಸೂರಿಗೆ ಓದಲು ಬಂದ ಸಂಕೋಚಸ್ವಭಾವದ ತರುಣ ಅವರು. ಬಾಡಿಗೆಯ ಕೊಠಡಿಗಳ ಏಕಾಂತ, ಕಾಯಿಲೆ, ಇಂಗ್ಲಿಷಿನಲ್ಲಿ ಬರೆಯಬೇಕೋ ಕನ್ನಡದಲ್ಲಿ ಬರೆಯಬೇಕೋ ಎಂಬ ತೊಳಲಾಟ, ಇವೆಲ್ಲವನ್ನೂ ೧೯೮೦ರಲ್ಲಿ ಪ್ರಕಟವಾದ 'ನೆನಪಿನ ದೋಣಿಯಲ್ಲಿ' ಎಂಬ ಆತ್ಮಕಥೆಯಿಂದ ನಾವು ತಿಳಿಯುತ್ತೇವೆ. ೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಈ ತರುಣನ ಇಂಗ್ಲಿಷ್ ಪದ್ಯಗಳನ್ನು ನೋಡಿ, ನಿನ್ನ ನುಡಿಯಲ್ಲಿ ಬರೆಯೆಂದು ಬುದ್ಧಿವಾದ ಹೇಳಿದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಮಾತು ಸರಿಯಾಗಿದ್ದಿತು. ಕೇಳಿದವನಿಗೆ ಮೊದಲು ಅದು ನೋವನ್ನೇ ತಂದಿತು. ಒಂದು ಭೇಟಿಯಲ್ಲಿ ಹೇಳಿದ ಬುದ್ಧಿವಾದವು ದಾರಿಯನ್ನು ತೋರಿಸಬಲ್ಲದು. ಆ ದಾರಿಯಲ್ಲಿ ಎಡವುತ್ತ ನಡೆಯುವಾಗ ಜೊತೆಗಿರುವವರು ಬೇರೆಯೇ ಆಗಬೇಕು. ೧೯೨೫ರಲ್ಲಿ ಮೈಸೂರಿನಲ್ಲಿ ಆರಂಭವಾಗಿದ್ದ ಶ್ರೀರಾಮಕೃಷ್ಣಾಶ್ರಮವು ಆ ತರುಣನಿಗೆ ಮರುವರ್ಷ ವಸತಿಯನ್ನೂ ಶುಶ್ರೂಷೆಯನ್ನೂ ಕೊಟ್ಟಿತು. ಕಾಲೇಜಿನಲ್ಲಿ ವೆಂಕಣ್ಣಯ್ಯನವರು ಅವನ ಕವಿತೆಗಳಿಗೆ ಕಿವಿಗೊಟ್ಟರು. ೧೯೨೭ರಲ್ಲಿ ಬಿ.ಎ., ೧೯೨೯ರಲ್ಲಿ ಕನ್ನಡ ಎಂ.ಎ. ಮುಗಿಸಿದ ಕುವೆಂಪು ಅವರು ಅದೇ ವರ್ಷ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ಶಿಷ್ಯ ಸಹೋದ್ಯೋಗಿಯಾದ ಮೇಲೆಯೂ ಕೇಳುವ ಕಿವಿ ಹಾಗೆಯೇ ಉಳಿಯಿತು. ವೆಂಕಣ್ಣಯ್ಯನವರು ೧೯೩೯ರಲ್ಲಿ ತೀರಿಕೊಂಡರು. 'ಶ್ರೀ ರಾಮಾಯಣ ದರ್ಶನಂ' ಅಚ್ಚಾದುದು ೧೯೪೯ರಲ್ಲಿ. ಗುರುವು ಕಣ್ಮರೆಯಾಗಿ ಹತ್ತು ವರ್ಷ ಕಳೆದ ಮೇಲೂ ಆ ಮಹಾಕಾವ್ಯವು ಅರ್ಪಿತವಾದುದು ಅವರಿಗೇ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಜಾತಿಯ ಗೋಡೆಗಳು ಇಂದಿಗಿಂತಲೂ ಗಟ್ಟಿಯಾಗಿದ್ದ ಆ ದಿನಗಳಲ್ಲಿ, ಬ್ರಾಹ್ಮಣೇತರರ ಸ್ಥಾನಮಾನದ ಪ್ರಶ್ನೆಯನ್ನು ವಿಚಾರಿಸಲು ೧೯೧೮ರಲ್ಲಿ ಮಿಲ್ಲರ್ ಸಮಿತಿಯನ್ನೇ ನೇಮಿಸಬೇಕಾಗಿ ಬಂದ ಸಂಸ್ಥಾನದಲ್ಲಿ, ಈ ವಿಶ್ವಾಸವು ಆ ಗೋಡೆಯನ್ನು ದಾಟಿ ಬೆಳೆಯಿತು. ಅಧ್ಯಾಪಕರು ಬ್ರಾಹ್ಮಣರು, ಶಿಷ್ಯ ಒಕ್ಕಲಿಗ. ಎರಡನೆಯದಾಗಿ, ಗುರುವು ಶಿಷ್ಯನಿಗೆ ಕೊಟ್ಟುದು ಮುಖ್ಯವಾಗಿ ಉಪದೇಶವಲ್ಲ, ಗಮನ. ತನ್ನ ಒಳಗಿನದನ್ನು ಹೊರಗಿಟ್ಟಾಗ ನಗದೆ, ಅವಸರಿಸದೆ ಕೇಳುವ ಹಿರಿಯರೊಬ್ಬರು ಇದ್ದಾರೆಂಬ ಭರವಸೆ ಅದು. ಇಂದಿನ ಮನಶ್ಶಾಸ್ತ್ರಜ್ಞರು ಇದಕ್ಕೆ ಬೇರೆ ಬೇರೆ ಹೆಸರುಗಳನ್ನು ಕೊಟ್ಟಾರು. ಅದೇ ಮಹಾರಾಜಾ ಕಾಲೇಜಿನಲ್ಲಿ ೧೯೨೪ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ವಿಭಾಗವನ್ನು ಆರಂಭಿಸಿದ್ದರೆಂಬುದನ್ನು, ಮೈಸೂರಿನ ತಮ್ಮ ಮನೆಯಲ್ಲಿ ೧೯೩೫ರಲ್ಲಿ 'ಆಕಾಶವಾಣಿ'ಯನ್ನು ಹುಟ್ಟುಹಾಕಿದವರೂ ಅವರೇ ಎಂಬುದನ್ನು, ಪ್ರಸಂಗವಶಾತ್ ಇಲ್ಲಿ ನೆನೆಯಬಹುದು. ಒಂದೇ ಕಟ್ಟಡದಲ್ಲಿ ಮನಸ್ಸಿನ ಶಾಸ್ತ್ರವೂ ಇದ್ದಿತು, ಮನಸ್ಸಿಗೆ ಆಸರೆಯೂ ಇದ್ದಿತು.

ಬೆಂಗಳೂರಿನ ನಿದರ್ಶನ ಇನ್ನೊಂದು ಬಗೆಯದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ೧೯೨೦ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ೧೯೩೫ರಲ್ಲಿ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಬೇಕೆಂದು ಐವತ್ತಕ್ಕೂ ಹೆಚ್ಚು ಮೈಲಿಗಳ ದಾರಿಯನ್ನು ನಡೆದೇ ಬೆಂಗಳೂರಿಗೆ ಬಂದರು. ಮುಂದೆ ೧೯೪೨ರ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆಗೆ ಹೋದರು. ೧೯೪೬ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಪಡೆದು ಬಂದರು. ಪ್ರಿನ್ಸಿಪಾಲರೂ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಇಷ್ಟೆಲ್ಲ ಆದರೂ ಅವರು ವಾಸವಾಗಿದ್ದುದು ಬಸವನಗುಡಿಯ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ. ೨೦೦೫ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಮನೆ. ಅವರ ವೈಜ್ಞಾನಿಕ ಮನೋಭಾವದ ವಿಷಯವಾಗಿ ಬಹಳ ಬರೆಯಲಾಗಿದೆ. ಆ ಕೊಠಡಿಯ ವಿಷಯವಾಗಿ ಬರೆದುದು ಸಾಲದು. ಹಳ್ಳಿಯಿಂದ ಬಂದ ಹುಡುಗನೊಬ್ಬನಿಗೆ ಪ್ರಿನ್ಸಿಪಾಲರ ಬಾಗಿಲು ತನ್ನ ಬಾಗಿಲಿನಿಂದ ಕೆಲವೇ ಹೆಜ್ಜೆಗಳ ದೂರದಲ್ಲಿದ್ದಿತು, ಆ ಬಾಗಿಲಿನ ಒಳಗಿದ್ದವರು ತಾನು ಪಟ್ಟ ಕಷ್ಟವನ್ನೇ ಪಟ್ಟವರಾಗಿದ್ದರು. ವಿಶ್ವಾಸಕ್ಕೆ ಇಂತಹ ಸಾಮೀಪ್ಯವೂ ಒಂದು ಕಾರಣವಾಗುತ್ತದೆ. ಗುಣ ಮಾತ್ರವೇ ಸಾಲದು, ಸ್ಥಳವೂ ಬೇಕು.

ಇಷ್ಟನ್ನು ಓದಿದ ವಾಚಕರು, ಆಹಾ, ಹಿಂದಿನ ಕಾಲವೇ ಚೆನ್ನಾಗಿದ್ದಿತು ಎಂದುಕೊಳ್ಳುವ ಸಂಭವವುಂಟು. ಇತಿಹಾಸದ ವಿದ್ಯಾರ್ಥಿ ಇಲ್ಲಿ ಎಚ್ಚರವಹಿಸಬೇಕು. ನಾನು ಮೇಲೆ ಬಳಸಿದ ಆಧಾರಗಳೆಲ್ಲವೂ ಗೆದ್ದವರ ಆಧಾರಗಳು. ಆಸರೆ ದೊರೆತವರು ಬೆಳೆದರು, ಬೆಳೆದವರು ಆತ್ಮಕಥೆ ಬರೆದರು, ಗುರುವಿಗೆ ಗ್ರಂಥ ಅರ್ಪಿಸಿದರು. ಬಾಗಿಲನ್ನು ತಟ್ಟಲು ಅಂಜಿದವನು, ತಟ್ಟಿದರೂ ತೆರೆಯದಿದ್ದುದನ್ನು ಕಂಡವನು, ಎರಡನೆಯ ವರ್ಷವೇ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಟವನು, ಇವರು ಏನನ್ನೂ ಬರೆಯಲಿಲ್ಲ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಒಂದು ದಿನ ಅವರ ಹೆಸರಿನ ಮೇಲೆ ಗೀಟು ಬೀಳುತ್ತದೆ. ಅಲ್ಲಿಗೆ ಅವರ ಇತಿಹಾಸ ಮುಗಿಯುತ್ತದೆ.

ಅಧ್ಯಾಪಕರ ಮನೆಯೂ ಎಲ್ಲರಿಗೂ ಒಂದೇ ಆಗಿರಲಿಲ್ಲ. ವಾರಾನ್ನದ ಪದ್ಧತಿಯನ್ನೇ ನೋಡಬಹುದು. ಬಡ ವಿದ್ಯಾರ್ಥಿಯು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದುದು ನಮ್ಮ ನಾಡಿನ ಔದಾರ್ಯದ ದ್ಯೋತಕವೆಂದು ಹೊಗಳಲ್ಪಟ್ಟಿದೆ. ಅದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣರ ಮನೆಗಳಲ್ಲಿ ದೊರೆತ ಅನುಕೂಲ. ಅದರಲ್ಲಿಯೂ ಸೋಮವಾರದ ಮನೆಯಲ್ಲಿ ತಾಯಿಯ ಪ್ರೀತಿಯಿದ್ದರೆ ಮಂಗಳವಾರದ ಮನೆಯಲ್ಲಿ ಹಂಗಿನ ಮಾತು ಇರುತ್ತಿದ್ದಿತು. ಉಳಿದ ಜಾತಿಗಳವರು ತಮ್ಮ ತಮ್ಮ ಸಂಘಗಳ ಮತ್ತು ಮಠಗಳ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಳ್ಳಬೇಕಾಯಿತು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಅಧ್ಯಾಪಕರ ಜಗಲಿಯೇ ಎಟುಕುತ್ತಿರಲಿಲ್ಲ. ಬಹುಕಾಲದ ಅನಂತರ, ಕವಿ ಸಿದ್ಧಲಿಂಗಯ್ಯನವರು 'ಊರು ಕೇರಿ'ಯಲ್ಲಿ ಬೆಂಗಳೂರಿನ ತಮ್ಮ ಹಾಸ್ಟೆಲಿನ ಜೀವನವನ್ನು ವರ್ಣಿಸುವಾಗ, ಸ್ಮಶಾನದ ಗೋರಿಗಳ ಮೇಲೆ ಕುಳಿತು ಓದುತ್ತಿದ್ದುದನ್ನು ನಗುನಗುತ್ತಲೇ ಹೇಳುತ್ತಾರೆ. ಓದುವ ಹುಡುಗನಿಗೆ ನೆಮ್ಮದಿಯ ಸ್ಥಳ ಅದೊಂದೇ ಆಗಿದ್ದಿತೆಂಬುದನ್ನು ನಾವು ನಗದೆ ಓದಿಕೊಳ್ಳಬೇಕು. ಇನ್ನು ವಿದ್ಯಾರ್ಥಿನಿಯರ ಮಾತು. ಪುರುಷ ಅಧ್ಯಾಪಕರ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ತನ್ನ ಅಳಲನ್ನು ಹೇಳಿಕೊಳ್ಳುವುದು ಯಾವ ತರುಣಿಗೂ ಸಾಧ್ಯವಿದ್ದ ಕಾಲವಲ್ಲ ಅದು. ಹೀಗೆ, ನಾವು ಹೊಗಳುವ ವಿಶ್ವಾಸವು ಆಳವಾಗಿದ್ದಿತು, ಆದರೆ ಕಿರಿದಾಗಿದ್ದಿತು. ಅದನ್ನು ಅಗಲಗೊಳಿಸುವ ಪ್ರಯತ್ನಗಳ ಕಥೆಯೇ ಸ್ವಾತಂತ್ರ್ಯಾನಂತರದ ಕಥೆ.

೧೯೪೮–೪೯ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು, ಹಿಂದೆ ಮೈಸೂರಿನ ವಿದ್ಯಾರ್ಥಿಗಳು ಬಂಡಿಯಲ್ಲಿ ಕುಳ್ಳಿರಿಸಿ ಎಳೆದ ರಾಧಾಕೃಷ್ಣನ್ ಅವರೇ. ಚಿಕ್ಕ ಗುಂಪುಗಳ ಟ್ಯುಟೋರಿಯಲ್ ಪದ್ಧತಿ ಬೇಕೆಂದೂ ವಿದ್ಯಾರ್ಥಿಗಳ ಕ್ಷೇಮಕ್ಕೆ ಪ್ರತ್ಯೇಕ ಗಮನ ಬೇಕೆಂದೂ ಆ ಆಯೋಗ ಹೇಳಿತು. ೧೯೬೪–೬೬ರ ಕೊಠಾರಿ ಆಯೋಗ ಇನ್ನೂ ಸ್ಪಷ್ಟವಾಗಿ ಮಾತನಾಡಿತು: ಮಾರ್ಗದರ್ಶನ ಮತ್ತು ಸಲಹೆ ವಿದ್ಯಾಭ್ಯಾಸದ ಹೊರಗಿನ ವಿಶೇಷ ಸೇವೆಯಲ್ಲ, ವಿದ್ಯಾಭ್ಯಾಸದ ಅಂಗ, ಉನ್ನತ ಶಿಕ್ಷಣದ ಸಂಸ್ಥೆಗಳಲ್ಲಿ ಸಾವಿರ ವಿದ್ಯಾರ್ಥಿಗಳಿಗೆ ಕನಿಷ್ಠ ಒಬ್ಬ ಸಲಹೆಗಾರನಾದರೂ ಇರಬೇಕು. ಇದೇ ವರದಿಯಲ್ಲಿ ಇನ್ನೊಂದು ಶಿಫಾರಸು ಇದೆ. ವರ್ಷಾಂತ್ಯದ ಒಂದೇ ಪರೀಕ್ಷೆಯ ಭಾರವನ್ನು ಕಡಿಮೆ ಮಾಡಲು ಅಧ್ಯಾಪಕರೇ ನಡೆಸುವ ಆಂತರಿಕ ಮೌಲ್ಯಮಾಪನ ಬೇಕೆಂಬುದು ಅದು. ಉದ್ದೇಶ ಒಳ್ಳೆಯದೇ, ವಿದ್ಯಾರ್ಥಿಯ ಮನಸ್ಸಿನ ಮೇಲಣ ಒತ್ತಡವನ್ನು ಇಳಿಸುವುದೂ ಅದರಲ್ಲಿ ಸೇರಿದ್ದಿತು. ಆದರೆ ಈ ಎರಡು ಶಿಫಾರಸುಗಳ ನಡುವಣ ವಿರೋಧವನ್ನು ಸಾಕಷ್ಟು ಮಂದಿ ಗಮನಿಸಿಲ್ಲವೆಂದು ನನಗೆ ತೋರುತ್ತದೆ. ಹಿಂದೆ ಪ್ರಶ್ನೆಪತ್ರಿಕೆ ದೂರದಿಂದ ಬರುತ್ತಿದ್ದಿತು. ಉತ್ತರಪತ್ರಿಕೆ ದೂರಕ್ಕೆ ಹೋಗುತ್ತಿದ್ದಿತು. ಪರೀಕ್ಷಕನೆಂಬ ಕಾಣದ ವೈರಿಯ ಎದುರು ಅಧ್ಯಾಪಕನೂ ವಿದ್ಯಾರ್ಥಿಯೂ ಒಂದೇ ಪಕ್ಷದವರಾಗಿದ್ದರು. ಆಂತರಿಕ ಅಂಕಗಳು ಬಂದ ಮೇಲೆ ಪರೀಕ್ಷಕನು ತರಗತಿಯ ಒಳಗೇ ಬಂದು ಕುರ್ಚಿಯ ಮೇಲೆ ಕುಳಿತನು. ತನ್ನ ಅಂಕಗಳು ಯಾರ ಕೈಯಲ್ಲಿವೆಯೋ ಅವರ ಮುಂದೆ, 'ನನಗೆ ರಾತ್ರಿ ನಿದ್ದೆ ಬರುವುದಿಲ್ಲ, ಪುಸ್ತಕ ತೆರೆದರೆ ಕೈ ನಡುಗುತ್ತದೆ' ಎಂದು ಹೇಳಿಕೊಳ್ಳಲು ಎಷ್ಟು ಮಂದಿಗೆ ಧೈರ್ಯ ಬಂದೀತು? ವೆಂಕಣ್ಣಯ್ಯನವರ ಕಾಲದ ವಿಶ್ವಾಸಕ್ಕೂ ನಮ್ಮ ಕಾಲದ ವಿಶ್ವಾಸಕ್ಕೂ ನಡುವಣ ವ್ಯತ್ಯಾಸದಲ್ಲಿ ವ್ಯಕ್ತಿಗಳ ಗುಣಕ್ಕಿಂತ ಈ ಏರ್ಪಾಡಿನ ಪಾಲೇ ಹೆಚ್ಚೆಂದು ನಾನು ಭಾವಿಸುತ್ತೇನೆ.

ಅಧ್ಯಾಪಕನು ವೈದ್ಯನಲ್ಲವೆಂಬ ಮಾತನ್ನೂ ಇಲ್ಲಿ ಹೇಳಬೇಕು. ಮನಸ್ಸಿನ ಕಾಯಿಲೆಗೆ ಗುರುವಿನ ಪ್ರೀತಿಯೊಂದೇ ಔಷಧವೆಂದು ನಂಬಿ ಕುಳಿತರೆ ಅನಾಹುತವಾದೀತು. ಈ ವಿಷಯದಲ್ಲಿ ನಮ್ಮ ನಾಡು ಅದೃಷ್ಟಶಾಲಿ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶಕತ್ವದಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ೧೯೭೪ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿನ ತಜ್ಞರು ಆಸ್ಪತ್ರೆಯ ಗೋಡೆಯೊಳಗೇ ನಿಲ್ಲದೆ ಶಾಲೆಯ ಉಪಾಧ್ಯಾಯರಿಗೂ ತರಬೇತಿ ಕೊಡುತ್ತ ಬಂದಿದ್ದಾರೆ. ಆ ಸಂಸ್ಥೆಯ ಮಾಳವಿಕಾ ಕಪೂರ್ ಅವರು ಭಾರತದ ಶಾಲೆಗಳಲ್ಲಿ ಮಾನಸಿಕ ಆರೋಗ್ಯವನ್ನು ಕುರಿತು ಗ್ರಂಥವನ್ನೇ ಬರೆದಿದ್ದಾರೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೂ (ಸಂಖ್ಯೆ ೧೪೪೧೬) ಇದೇ ಸಂಸ್ಥೆಯ ಆಧಾರವಿದೆ. ಉಪಾಧ್ಯಾಯನ ಕೆಲಸ ಚಿಕಿತ್ಸೆಯಲ್ಲ. ಮಗುವಿನ ಮುಖ ಬದಲಾದುದನ್ನು ಮೊದಲು ಕಾಣುವುದು, ಕೇಳುವುದು, ಬೇಕಾದಾಗ ತಜ್ಞರ ಬಳಿಗೆ ಜೊತೆಯಲ್ಲಿ ಹೋಗುವುದು, ಹಿಂದಿರುಗಿದ ಮೇಲೆ ಮೊದಲಿನಂತೆಯೇ ಮಾತನಾಡಿಸುವುದು ಅವನ ಕೆಲಸ. ಇವುಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ಕಷ್ಟ.

೨೦೨೫ರ ಜುಲೈ ೨೫ರಂದು ಸರ್ವೋಚ್ಚ ನ್ಯಾಯಾಲಯವು ಸುಕದೇವ್ ಸಾಹಾ ಪ್ರಕರಣದಲ್ಲಿ ಕೊಟ್ಟ ನಿರ್ದೇಶನಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ತರಬೇತಿ ಪಡೆದ ಸಲಹೆಗಾರನನ್ನೋ ಮನಶ್ಶಾಸ್ತ್ರಜ್ಞನನ್ನೋ ಸಮಾಜಕಾರ್ಯಕರ್ತನನ್ನೋ ನೇಮಿಸಬೇಕು. ವಿದ್ಯಾರ್ಥಿಗಳ ಚಿಕ್ಕ ಚಿಕ್ಕ ತಂಡಗಳಿಗೆ ಮಾರ್ಗದರ್ಶಕರು ಇರಬೇಕು. ಅವರು ಕೊಡುವ ಆಸರೆಯು ಎಡೆಬಿಡದೆ ನಡೆಯುವಂತಹುದೂ ಕಚೇರಿಯ ಕಟ್ಟುಗಳಿಲ್ಲದುದೂ ಗೋಪ್ಯವಾದುದೂ ಆಗಿರಬೇಕು ಎಂಬುದು ಅವುಗಳಲ್ಲಿ ಮುಖ್ಯವಾದುವು. ೧೯೬೬ರಲ್ಲಿ ಆಯೋಗವೊಂದು ಕೇಳಿದುದನ್ನು ಐವತ್ತೊಂಬತ್ತು ವರ್ಷಗಳ ಅನಂತರ ನ್ಯಾಯಾಲಯವು ಆಜ್ಞಾಪಿಸಬೇಕಾಯಿತು. ನಿರ್ದೇಶನದ ಮೂರು ವಿಶೇಷಣಗಳು ಹಿಂದಿನ ಜಗಲಿಯ ಲಕ್ಷಣಗಳೇ ಆಗಿರುವುದು ವಿಶೇಷ. ಆದರೆ ಜಗಲಿಗೆ ದಾಖಲೆ ಇರಲಿಲ್ಲ, ಇಂದಿನ ಕಾಲೇಜಿಗೆ ದಾಖಲೆಯಿಲ್ಲದೆ ನಡೆಯುವುದಿಲ್ಲ. ಬೆಂಗಳೂರಿನಲ್ಲಿಯೇ ಕೇಂದ್ರಸ್ಥಾನವುಳ್ಳ ನ್ಯಾಕ್ ಸಂಸ್ಥೆಯು ಕಾಲೇಜುಗಳ ಗುಣವನ್ನು ಅಳೆಯುವಾಗ ಒಬ್ಬ ಮಾರ್ಗದರ್ಶಕನಿಗೆ ಎಷ್ಟು ವಿದ್ಯಾರ್ಥಿಗಳೆಂಬುದನ್ನು ಕೇಳುತ್ತ ಬಂದಿದೆ. ಕೇಳುವುದು ತಪ್ಪಲ್ಲ. ಅದಕ್ಕೆ ಉತ್ತರವಾಗಿ ರಿಜಿಸ್ಟರುಗಳು ಹುಟ್ಟಿದುವು. ಅಂತಹ ಕೆಲವು ರಿಜಿಸ್ಟರುಗಳನ್ನು ನಾನು ನೋಡಿದ್ದೇನೆ. ವಿದ್ಯಾರ್ಥಿಯ ಸಮಸ್ಯೆಯೆಂಬ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, 'ಇಲ್ಲ' ಎಂದಿರುತ್ತದೆ. ಹಾಗೆ ಬರೆದ ಅಧ್ಯಾಪಕನನ್ನು ಹಳಿದು ಪ್ರಯೋಜನವಿಲ್ಲ. ನಾಲ್ಕು ತರಗತಿಗಳನ್ನು ಮುಗಿಸಿ, ಮುಂದಿನ ಬಸ್ಸಿಗೆ ಓಡಬೇಕಾದ ಅತಿಥಿ ಉಪನ್ಯಾಸಕನಿಗೆ ಜಗಲಿಯೂ ಇಲ್ಲ, ಜಗಲಿಯಲ್ಲಿ ಕುಳಿತುಕೊಳ್ಳುವ ಹೊತ್ತೂ ಇಲ್ಲ. ಅಂಕಣದಲ್ಲಿ ಸತ್ಯವನ್ನು ಬರೆದರೆ ಅದನ್ನು ಓದುವವರು ಯಾರೆಂಬುದೂ ಅವನಿಗೆ ತಿಳಿದಿರುವುದಿಲ್ಲ.

ಈ ವಿಷಯದಲ್ಲಿ ಮಾಡಬೇಕಾದ ಸಂಶೋಧನೆ ಬಹಳವಿದೆ. ಜಾತಿ ಸಂಘಗಳ ಮತ್ತು ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಹಳೆಯ ಪ್ರವೇಶಪತ್ರಗಳೂ ವಾರ್ಡನ್ನರ ದಿನಚರಿಗಳೂ ತಂದೆತಾಯಿಗಳು ಬರೆದ ಕಾಗದಗಳೂ ಕಟ್ಟುಗಟ್ಟಲೆ ಬಿದ್ದಿರುವುದು ಅಸಂಭವವಲ್ಲ. ಗೆದ್ದಲಿಗೆ ಮುಂಚೆ ನಾವು ಅವುಗಳ ಬಳಿಗೆ ಹೋಗಬೇಕು. ಓದನ್ನು ನಡುವೆಯೇ ಬಿಟ್ಟವರ ಬಾಯಿಂದ ಅವರ ಕಥೆಯನ್ನು ಕೇಳಿ ಬರೆದುಕೊಳ್ಳುವ ಕೆಲಸವೂ ಇದೆ. ೧೯೫೦ರ ಮತ್ತು ೬೦ರ ದಶಕಗಳಲ್ಲಿ ಕಾಲೇಜು ಸೇರಿದ್ದವರಲ್ಲಿ ಅನೇಕರು ಈಗ ಎಂಬತ್ತನ್ನು ದಾಟಿದ್ದಾರೆ. ಎಂ.ಎ. ತರಗತಿಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಇಂತಹ ಒಬ್ಬಿಬ್ಬರನ್ನಾದರೂ ಹುಡುಕಿ, ಕಾಲೇಜನ್ನು ಏಕೆ ಬಿಟ್ಟಿರಿ ಎಂಬ ಪ್ರಶ್ನೆಯ ಜೊತೆಗೆ, ಆಗ ಯಾರೊಡನೆಯಾದರೂ ಮಾತನಾಡಿದಿರಾ ಎಂಬ ಪ್ರಶ್ನೆಯನ್ನೂ ಕೇಳಿ ಬರೆದು ತಂದರೆ, ಮುಂದಿನ ಸಂಚಿಕೆಗಳಲ್ಲಿ ಅವನ್ನು ಪ್ರಕಟಿಸಲು ಅವಕಾಶವಾದೀತು.